ಬಯೋಡೀಸೆಲ್ ಬೆರೆಸಿದ ಮೇಲೆ ಎಂಜಿನ್ ಹಠ ಮಾಡ್ತಿದೆಯಾ? ಮೊದಲು ಫಿಲ್ಟರ್ ಬಿಚ್ಚಿ ನೋಡಿ

ಸಸ್ಯದ ಎಣ್ಣೆಯಿಂದಲೋ ಪ್ರಾಣಿ ಕೊಬ್ಬಿನಿಂದಲೋ ಮಾಡಿದ ಬಯೋಡೀಸೆಲ್ ಹಾಕಲು ಶುರು ಮಾಡಿದ ಸ್ವಲ್ಪ ದಿನಕ್ಕೆ ಕೆಲವೊಮ್ಮೆ ಎಂಜಿನ್ ಎಳೆಯುವುದು ಕಡಿಮೆಯಾಗುತ್ತದೆ. ಆಗ ತುಂಬಾ ಜನ ಮಾಡುವುದು ಒಂದೇ ಕೆಲಸ: ಟ್ಯಾಂಕಿಗೆ ಇನ್ನೇನೋ ಸುರಿಯುವುದು. ಯಾರೋ ಕರ್ಪೂರ ಅಂದರು, ಯಾರೋ ಟರ್ಪೆಂಟೈನ್ ಅಂದರು, ಇನ್ಯಾರೋ ಹರಳೆಣ್ಣೆ ಅಂದರು. ಹೀಗೆ ಒಂದರ ಮೇಲೊಂದು ಸುರಿದರೆ ದೋಷ ಎಲ್ಲಿ ಶುರುವಾಯಿತು ಅಂತ ಪತ್ತೆ ಹಚ್ಚಲು ಆಗುವುದಿಲ್ಲ. ಬಯೋಡೀಸೆಲ್ ಬೆರೆಸಿದ ಮೇಲೆ ಕಾಣುವ ತೊಂದರೆಗಳಲ್ಲಿ ಬಹುಪಾಲು ಎಂಜಿನ್ ಒಳಗಿನವಲ್ಲ. ಅವು ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಇರುತ್ತವೆ. ಒಂದು ಫಿಲ್ಟರ್, ಒಂದು ಗಾಜಿನ ಬಾಟಲಿ ಇದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಇಲ್ಲಿ ನಿಮ್ಮ ಕಣ್ಣಿಗೆ, ಮೂಗಿಗೆ ಮೊದಲು ಬೀಳುವ ಲಕ್ಷಣದಿಂದಲೇ ಹೊರಟಿದ್ದೇನೆ. ಪ್ರತಿ ಲಕ್ಷಣದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಕೈ ಹಾಕುವ ಮುಂಚೆ

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಎಷ್ಟು ಭಾಗ ಬಯೋಡೀಸೆಲ್ ಬೆರೆಸಿದ್ದೀರಿ, ಅದು ಯಾವ ಎಣ್ಣೆಯಿಂದ ಮಾಡಿದ್ದು, ತಯಾರಾಗಿ ಎಷ್ಟು ತಿಂಗಳಾಯಿತು, ತೊಂದರೆ ಶುರುವಾದದ್ದು ಎಷ್ಟನೇ ಟ್ಯಾಂಕಿಗೆ. ಬಿ5 ಅಂದರೆ ನೂರಕ್ಕೆ 5 ಭಾಗ ಬಯೋಡೀಸೆಲ್, ಬಿ20 ಅಂದರೆ 20 ಭಾಗ, ಬಿ100 ಅಂದರೆ ಪೂರ್ತಿ ಬಯೋಡೀಸೆಲ್. ಯುರೋಪಿನ ಇಎನ್ 590 ಮಾನಕ ಮಾಮೂಲಿ ಡೀಸೆಲ್‌ನಲ್ಲಿ 7 ಭಾಗದವರೆಗೆ ಒಪ್ಪುತ್ತದೆ. ಅಮೆರಿಕದ ಎಎಸ್‌ಟಿಎಂ ಡಿ975 ಒಪ್ಪುವುದು 5 ಭಾಗ. 6ರಿಂದ 20 ಭಾಗದ ಮಿಶ್ರಣಕ್ಕೆ ಡಿ7467 ಅಂತ ಬೇರೆಯೇ ಮಾನಕ ಇದೆ. ನಿಮ್ಮ ಎಂಜಿನ್ ಎಷ್ಟರವರೆಗೆ ತಡೆಯುತ್ತದೆ ಅನ್ನುವುದು ಅದರ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದ್ದರೆ ಮೊದಲ ಅನುಮಾನ ಅಲ್ಲೇ.

ಇನ್ನು ಎಚ್ಚರಿಕೆ. ಕಾಮನ್ ರೈಲ್ ಎಂಜಿನ್‌ನಲ್ಲಿ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗಳಿಗೂ (ಸಿಲಿಂಡರಿಗೆ ಇಂಧನ ಸಿಂಪಡಿಸುವ ಭಾಗ) ಇಂಧನ ಹೋಗುತ್ತದೆ. ಆ ಪೈಪುಗಳಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಸಣ್ಣ ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿ ಗಾಯ ಅಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಜಾಸ್ತಿ ಇರುವುದಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಬೆರಳು ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು. ಹಾಗೇನಾದರೂ ಆದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಹಳೆಯ ಎಂಜಿನ್‌ನಲ್ಲಿ ಮಾಡುವ ಹಾಗೆ ಇಂಜೆಕ್ಟರ್ ನಟ್ ಸಡಿಲಿಸಿ ನೋಡುವ ಅಭ್ಯಾಸವನ್ನು ಕಾಮನ್ ರೈಲ್ ಹತ್ತಿರ ತರಲೇಬೇಡಿ.

ಬಯೋಡೀಸೆಲ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಾಳಿ ತಾಗಿ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಕಬ್ಬಿಣದ ಡಬ್ಬಿಗೆ ಹಾಕಿ.

ಪಿಕಪ್ ಇಲ್ಲ, ಲೋಡ್ ಬಿದ್ದಾಗ ಉಸಿರು ಕಟ್ಟಿದಂತೆ ಆಗುತ್ತದೆ

ಐಡಲ್‌ನಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ. ಲೋಡ್ ಬಿದ್ದ ಕೂಡಲೇ ಕುಗ್ಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಹೊರಟರೆ ಒಂದಷ್ಟು ದೂರ ಸರಿ, ಆಮೇಲೆ ಅದೇ ಕತೆ. ಇದು ಬಯೋಡೀಸೆಲ್‌ಗೆ ಹೊಸದಾಗಿ ಬದಲಾದವರು ಎಲ್ಲಕ್ಕಿಂತ ಜಾಸ್ತಿ ಹೇಳುವ ದೂರು. ಇದು ಫಿಲ್ಟರ್ ಕಟ್ಟಿಕೊಂಡಿರುವ ಲಕ್ಷಣ.

ಕಾರಣ ಸರಳ. ಬಯೋಡೀಸೆಲ್ ಒಳ್ಳೆಯ ದ್ರಾವಕ. ವರ್ಷಗಟ್ಟಲೆ ಮಾಮೂಲಿ ಡೀಸೆಲ್ ಟ್ಯಾಂಕಿನ ಗೋಡೆಗೆ, ಪೈಪಿಗೆ ಅಂಟಿಸಿಟ್ಟ ಗಸಿಯನ್ನೆಲ್ಲ ಅದು ತೊಳೆದು ತರುತ್ತದೆ. ಆ ಗಸಿ ಬಂದು ನಿಲ್ಲುವ ಜಾಗವೇ ಫಿಲ್ಟರ್. ಅಂದರೆ ನಿಮ್ಮ ಫಿಲ್ಟರ್ ಕಟ್ಟಿದ್ದರೆ ಅದು ಬಯೋಡೀಸೆಲ್‌ನ ಕಸವೇ ಆಗಿರಬೇಕೆಂದಿಲ್ಲ, ಹಳೆಯ ಡೀಸೆಲ್ ಬಿಟ್ಟುಹೋದ ಕಸವೂ ಆಗಿರಬಹುದು. ಮಿಶ್ರಣದಲ್ಲಿ ಬಯೋಡೀಸೆಲ್ ಜಾಸ್ತಿಯಾದಷ್ಟೂ ಈ ತೊಳೆತ ಜೋರು. ಬಿ5 ಹಾಕಿದವರಿಗೆ ಗೊತ್ತೇ ಆಗದಿರಬಹುದು, ಹಳೆ ಟ್ಯಾಂಕಿಗೆ ನೇರ ಬಿ100 ಸುರಿದವರಿಗೆ ದಾರಿ ಮಧ್ಯವೇ ಗೊತ್ತಾಗುತ್ತದೆ.

ಮೊದಲು ಇಂಧನದಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಕೆಳಗಿನ ತಿರುಪು ಸಡಿಲಿಸಿ, ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಬಿಡಿ. ಹತ್ತು ನಿಮಿಷ ಸುಮ್ನೆ ಇಡಿ. ಕೆಳಗೆ ಬೇರೆ ಪದರ ನಿಂತರೆ ಅದು ನೀರು. ಬಾಟಲಿ ಪೂರ್ತಿ ಮಬ್ಬಾಗಿದ್ದರೆ ನೀರು ಸಣ್ಣ ಹನಿಗಳಾಗಿ ಬೆರೆತಿದೆ, ಇಲ್ಲವೇ ಚಳಿಗೆ ಮೇಣ ಕಟ್ಟುತ್ತಿದೆ. ಯಾವುದು ಅಂತ ತಿಳಿಯಲು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ತಿಳಿಯಾಗಿ, ತಣಿದಾಗ ಮತ್ತೆ ಅದೇ ಚಳಿಗೆ ಮಬ್ಬಾದರೆ ಮೇಣ. ಬೆಚ್ಚಗಾದರೂ ಮಬ್ಬು ಹೋಗದಿದ್ದರೆ ನೀರಿನ ಅನುಮಾನ. ಒಳ್ಳೆಯ ಇಂಧನದ ಬಾಟಲಿ ಹಿಂದೆ ಮುದ್ರಿತ ಹಾಳೆ ಹಿಡಿದರೆ ಅಕ್ಷರ ಓದಲು ಬರಬೇಕು.

ಆಮೇಲೆ ಫಿಲ್ಟರ್ ಬಿಚ್ಚಿ. ಹೊಸದನ್ನು ಹಾಕಿ ಹಳೆಯದನ್ನು ಎಸೆದರೆ ಅರ್ಧ ಮಾಹಿತಿ ಕಸದ ಬುಟ್ಟಿಗೆ ಹೋದ ಹಾಗೆ. ಅದನ್ನು ಕೊಯ್ದು ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಗ್ರೈಂಡರ್ ಹಚ್ಚಬೇಡಿ, ಕಿಡಿ ಹಾರುತ್ತದೆ. ತಗಡು ಕತ್ತರಿಯೋ ಹ್ಯಾಕ್ಸಾ ಬ್ಲೇಡೋ ಸಾಕು.

ಮಡಿಕೆಗಳ ಮೇಲೆ ಕಪ್ಪು ಅಥವಾ ಕಂದು ಬಣ್ಣದ ನಯವಾದ ಗಸಿ, ಬೆರಳಿಗೆ ಮಸಿಯಂತೆ ಅಂಟಿದರೆ ಅದು ತೊಳೆದು ಬಂದ ಹಳೆ ಕಸ. ಇದು ಒಳ್ಳೆ ಸುದ್ದಿ. ಒಂದೆರಡು ಫಿಲ್ಟರ್ ಬದಲಾಯಿಸುವಷ್ಟರಲ್ಲಿ ನಿಲ್ಲುತ್ತದೆ. ಇಟ್ಟಿಗೆ ಪುಡಿಯಂಥ ಕೆಂಪು ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ, ಅಂದರೆ ನೀರು ಬಹಳ ದಿನದಿಂದ ತಳದಲ್ಲಿ ಕೂತಿದೆ.

ಬಿಳಿ ಅಥವಾ ತಿಳಿ ಹಳದಿ ಬಣ್ಣದ, ಬೆಣ್ಣೆಯಂಥ ಪದರ ಕಂಡರೆ ಸ್ವಲ್ಪ ನಿಧಾನಿಸಿ. ಇದಕ್ಕೆ ಮೂರು ಕಾರಣ ಇರಬಹುದು, ಮೂರಕ್ಕೂ ಪರಿಹಾರ ಬೇರೆ. ಒಂದು ಚೂರು ಕೆರೆದು ಬೆಚ್ಚಗಿನ ಡೀಸೆಲ್‌ನಲ್ಲಿ ಹಾಕಿ. ಕರಗಿ ಪೂರ್ತಿ ತಿಳಿಯಾದರೆ ಚಳಿಯ ಮೇಣ, ಇಲ್ಲವೇ ಅರ್ಧಂಬರ್ಧ ಪ್ರಕ್ರಿಯೆಗೊಂಡ ಎಣ್ಣೆ, ಅಂದರೆ ಮೋನೋಗ್ಲಿಸರೈಡ್. ಚಳಿಯೇ ಇಲ್ಲದ ದಿನ ಇದು ಕಂಡಿತೆಂದರೆ ಮೋನೋಗ್ಲಿಸರೈಡ್ ಕಡೆಗೇ ಬೊಟ್ಟು ಮಾಡಬೇಕು. ಇನ್ನೊಂದು ಚೂರನ್ನು ಬಿಸಿನೀರಿಗೆ ಹಾಕಿ ಅಲ್ಲಾಡಿಸಿ. ನೊರೆ ಬಂದರೆ ಅದು ಸಾಬೂನು. ಬಯೋಡೀಸೆಲ್ ಮಾಡುವಾಗ ಹಾಕಿದ ಕ್ಷಾರ ಸರಿಯಾಗಿ ತೊಳೆದು ಹೋಗಿಲ್ಲ ಅಂತ ಅರ್ಥ. ಮೋನೋಗ್ಲಿಸರೈಡ್, ಸಾಬೂನು ಎರಡೂ ತಯಾರಿಯ ದೋಷ. ಎಷ್ಟು ಫಿಲ್ಟರ್ ಬದಲಾಯಿಸಿದರೂ ಆ ಇಂಧನ ಇರುವವರೆಗೆ ಕಾಟ ತಪ್ಪದು.

ಫಿಲ್ಟರ್ ಬಟ್ಟಲಿನ ತಳದಲ್ಲಿ ಜೇನಿನಂತೆ ದಪ್ಪ, ನೀರಿಗೆ ಹಾಕಿದರೆ ಮುಳುಗಿ ಕರಗುವ ಅಂಟು ಸಿಕ್ಕರೆ ಅದು ಬಯೋಡೀಸೆಲ್ ಮಾಡುವಾಗ ಹುಟ್ಟುವ ಗ್ಲಿಸರಿನ್. ಆ ಬಯೋಡೀಸೆಲ್ಲನ್ನು ಎಂಜಿನ್‌ಗೆ ಬಿಡಲೇಬಾರದು.

ಕಂದು ಬಣ್ಣದ ವಾರ್ನಿಷ್‌ನಂಥ ಜಿಗುಟು, ಹಳೆ ಪೇಂಟಿನ ವಾಸನೆ ಇದ್ದರೆ ಇಂಧನ ಹಳಸಿದೆ. ಲೋಳೆಯಂತೆ ಎಳೆ ಎಳೆಯಾಗಿ ಬಂದು, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಸೂಕ್ಷ್ಮಜೀವಿ ಬೆಳೆದಿದೆ. ಇವೆರಡರ ಬಗ್ಗೆ ಮುಂದೆ ಹೇಳುತ್ತೇನೆ.

ಹೊಸ ಫಿಲ್ಟರ್ ಹಾಕಿ, ಪ್ರೈಮಿಂಗ್ ಪಂಪ್ ಒತ್ತಿ ಗಾಳಿ ತೆಗೆದು, ಲೋಡ್ ಹಾಕಿ ನೋಡಿ. ಸರಿಯಾಗಿ ಸ್ವಲ್ಪ ದಿನಕ್ಕೆ ಮತ್ತೆ ಕುಗ್ಗಿದರೆ ಗಾಬರಿ ಬೇಡ, ಟ್ಯಾಂಕ್ ಇನ್ನೂ ತೊಳೆಯುತ್ತಿದೆ. ಹೊಸದಾಗಿ ಬದಲಾಗುವವರ ಹತ್ತಿರ ಒಂದು ಹೆಚ್ಚುವರಿ ಫಿಲ್ಟರ್ ಯಾವಾಗಲೂ ಇರಬೇಕು. ಆದರೆ ಫಿಲ್ಟರ್ ಬದಲಾಯಿಸಿದ ಮೇಲೂ ಏನೂ ವ್ಯತ್ಯಾಸ ಕಾಣದಿದ್ದರೆ ಟ್ಯಾಂಕಿನ ಒಳಗಿನ ಜಾಲರಿ, ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ನೋಡಿ. ಮುಚ್ಚಳ ತೆಗೆದಾಗ ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ರಂಧ್ರ ಕಟ್ಟಿದೆ. ಕಾಸಿಲ್ಲದ ರಿಪೇರಿ ಇದು, ಆದರೂ ತುಂಬಾ ಜನ ಇದನ್ನು ನೋಡುವುದೇ ಇಲ್ಲ.

ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆದರೆ ಇನ್ನೊಂದು ಒಳ್ಳೆ ಪರೀಕ್ಷೆ ಇದೆ. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಎಂಜಿನ್ನಿನ ಬಿಸಿ ಭಾಗಗಳಿಂದ ದೂರ ಭದ್ರವಾಗಿ ಇಟ್ಟು, ಬೇರೆ ಹೋಸ್‌ನಿಂದ ನೇರ ಫಿಲ್ಟರಿಗೆ ಕೊಡಿ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಎಂಜಿನ್ ಚೆನ್ನಾಗಿ ಎಳೆದರೆ ತೊಂದರೆ ಟ್ಯಾಂಕ್ ಕಡೆ, ಇಲ್ಲವೇ ಇಂಧನದ್ದೇ. ಆಗಲೂ ಎಳೆಯದಿದ್ದರೆ ಪಂಪು, ಇಂಜೆಕ್ಟರ್, ಗಾಳಿ ದಾರಿ. ಕಾಮನ್ ರೈಲ್‌ನಲ್ಲಿ ಈ ಪರೀಕ್ಷೆ ವರ್ಕ್‌ಶಾಪಿಗೇ ಬಿಡಿ.

ಬರೀ ಸ್ವಲ್ಪ ಶಕ್ತಿ ಕಡಿಮೆ, ಮೈಲೇಜ್ ಸ್ವಲ್ಪ ಇಳಿದಿದೆ

ಬಿ100ನಲ್ಲಿ ಒಂದು ಲೀಟರಿಗೆ ಸಿಗುವ ಶಕ್ತಿ ಡೀಸೆಲ್‌ಗಿಂತ ನೂರಕ್ಕೆ 8 ಭಾಗದಷ್ಟು ಕಡಿಮೆ. ಬಿ20ಯಲ್ಲಿ ಆ ಕೊರತೆ 1ರಿಂದ 2 ಭಾಗ. ಇದು ದೋಷವೇ ಅಲ್ಲ, ಇಂಧನದ ಗುಣ. ಬಿ20 ಹಾಕಿ ಮೈಲೇಜ್ ಹತ್ತು ಹದಿನೈದು ಭಾಗ ಬಿದ್ದಿದೆ ಅಂದರೆ ಮಾತ್ರ ಬೇರೆ ಕಾರಣ ಹುಡುಕಿ. ಬಯೋಡೀಸೆಲ್ ತಲೆಗೆ ಕಟ್ಟುವ ಮೊದಲು ಟೈರ್ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ನೋಡಿ.

ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಬಿಸಿಲೇರಿದ ಮೇಲೆ ಸರಿ

ಇದು ಮೇಣ. ಬಯೋಡೀಸೆಲ್ ಯಾವ ಎಣ್ಣೆಯದ್ದು ಅನ್ನುವುದು ಇಲ್ಲಿ ಮುಖ್ಯವಾಗುತ್ತದೆ. ತಾಳೆ ಎಣ್ಣೆಯದ್ದೋ ಪ್ರಾಣಿ ಕೊಬ್ಬಿನದ್ದೋ ಆದರೆ 13ರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮಬ್ಬಾಗಲು ಶುರುವಾಗುತ್ತದೆ. ಸೋಯಾದ್ದು ಸುಮಾರು 0 ಡಿಗ್ರಿವರೆಗೆ ತಡೆಯುತ್ತದೆ. ರೇಪ್‌ಸೀಡ್‌ದ್ದು ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗೂ ಹೋಗುತ್ತದೆ. ಡೀಸೆಲ್ ಬೆರೆತಷ್ಟೂ ಈ ಅಂಕಿ ಕೆಳಗಿಳಿಯುತ್ತದೆ.

ನಿಮ್ಮ ಮಿಶ್ರಣದ ಬಾಟಲಿಯನ್ನು ಥರ್ಮಾಮೀಟರ್ ಸಮೇತ ರಾತ್ರಿ ಗಾಡಿಯ ಪಕ್ಕ ಹೊರಗಿಡಿ. ಬೆಳಿಗ್ಗೆ ಅದರಲ್ಲಿ ಮೋಡ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಚಳಿ ಮುಗಿಯುವವರೆಗೆ ಬಯೋಡೀಸೆಲ್ ಪ್ರಮಾಣ ಇಳಿಸಿ. ಡೀಸೆಲ್‌ಗೆ ಅಂತ ಸಿಗುವ ಚಳಿಯ ರಾಸಾಯನಿಕಗಳು ಡೀಸೆಲ್‌ನ ಮೇಣಕ್ಕೆ ಮಾಡಿದವು, ಜಾಸ್ತಿ ಬಯೋಡೀಸೆಲ್ ಇರುವ ಮಿಶ್ರಣದಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮೇಣ ಕಟ್ಟಿದ ಫಿಲ್ಟರನ್ನು ಬೆಂಕಿ ಹಿಡಿದು ಕಾಯಿಸುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಟ್ಟೆ ಸುತ್ತಿ ಬಿಸಿನೀರು ಹೊಯ್ದರೆ ಅದೇ ಕೆಲಸ ಆಗುತ್ತದೆ.

ಬಾಟಲಿ ತಿಳಿಯಾಗಿದ್ದೂ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಬ್ಯಾಟರಿ, ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ ನೋಡಿ. ಅವೂ ಸರಿ ಇದ್ದರೆ ರಾತ್ರಿಯಿಡೀ ಗಾಳಿ ಒಳಗೆ ಹೋಗುತ್ತಿದೆ ಅಂತ ಲೆಕ್ಕ. ಟ್ಯಾಂಕ್‌ನಿಂದ ಬರುವ ಕಡಿಮೆ ಒತ್ತಡದ ಲೈನಿನಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಜೋಡಿಸಿ, ಸ್ಟಾರ್ಟ್ ಮಾಡುವಾಗ ಗುಳ್ಳೆ ಬರುತ್ತದೆಯಾ ನೋಡಿ. ಗುಳ್ಳೆ ಬಂದರೆ ಮುಂದಿನ ಭಾಗ ನಿಮಗೇ.

ಡೀಸೆಲ್ ವಾಸನೆ, ಹೋಸ್ ತೇವ, ಲೈನಿನಲ್ಲಿ ಗುಳ್ಳೆ

ಮಾಮೂಲಿ ರಬ್ಬರ್ ಮತ್ತು ನೈಟ್ರೈಲ್ ರಬ್ಬರ್ ಜಾಸ್ತಿ ಬಯೋಡೀಸೆಲ್ ಇರುವ ಮಿಶ್ರಣಕ್ಕೆ ಸಿಕ್ಕರೆ ಊದುತ್ತವೆ, ಮೆತ್ತಗಾಗುತ್ತವೆ, ಕೊನೆಗೆ ಬಿರುಕು ಬಿಡುತ್ತವೆ. ಬಿ20ವರೆಗೆ ಇದು ನಿಧಾನ, ಅದಕ್ಕೂ ಮೇಲೆ ಹೋದರೆ ಬೇಗ. 1990ರ ದಶಕದ ಮೊದಲ ವರ್ಷಗಳವರೆಗೆ ತಯಾರಾದ ಎಂಜಿನ್‌ಗಳಲ್ಲಿ ಇಂಥ ರಬ್ಬರ್ ಇರುವ ಸಾಧ್ಯತೆ ಜಾಸ್ತಿ. ಎಂಜಿನ್ ತಣ್ಣಗಿರುವಾಗ ಹೋಸ್‌ಗಳನ್ನು ಬೆರಳಿನಿಂದ ಹಿಂಡಿ ನೋಡಿ. ಹೊಸ ಹೋಸ್ ಗಟ್ಟಿಯಾಗಿ ಪುಟಿಯುತ್ತದೆ. ಹಾಳಾದದ್ದು ಹಿಂಡಿದ ಹಾಗೇ ಉಳಿಯುತ್ತದೆ, ಕೈಗೆ ಕಪ್ಪು ಹತ್ತುತ್ತದೆ. ಇಂಜೆಕ್ಟರ್‌ಗಳ ನಡುವಿನ ಸಣ್ಣ ರಿಟರ್ನ್ ಹೋಸ್‌ಗಳೇ ಮೊದಲು ಹೋಗುವುದು, ಅಲ್ಲಿಂದಲೇ ಶುರು ಮಾಡಿ. ಬದಲಾಯಿಸುವಾಗ ಬಯೋಡೀಸೆಲ್ ತಡೆಯುವ ವಿಟಾನ್ ರಬ್ಬರ್ ಅಂತ ಕೇಳಿ ತೆಗೆದುಕೊಳ್ಳಿ.

ಇನ್ನೊಂದು ವಿಚಿತ್ರ: ಬಯೋಡೀಸೆಲ್ ಓಡುವಾಗ ಸರಿ ಇದ್ದ ಪಂಪು, ಬರೀ ಡೀಸೆಲ್‌ಗೆ ಮರಳಿದ ಮೇಲೆ ಸೋರಲು ಶುರು ಮಾಡಬಹುದು. ಊದಿದ್ದ ಸೀಲ್ ಕುಗ್ಗಿದ್ದರಿಂದ ಹಾಗಾಗುತ್ತದೆ. ಪಂಪಿನ ಸೀಲ್ ಬದಲಾಯಿಸುವುದು ಪಂಪ್ ರಿಪೇರಿಯವರ ಕೆಲಸ.

ಹಿತ್ತಾಳೆ, ತಾಮ್ರ, ಸತು, ಸೀಸ ಇರುವ ಭಾಗಗಳು ಬಯೋಡೀಸೆಲ್ಲನ್ನು ಬೇಗ ಹಳಸುವಂತೆ ಮಾಡುತ್ತವೆ. ಟ್ಯಾಂಕ್ ನಲ್ಲಿಯ ಮೇಲೆ ಹಸಿರು ಜಿಗುಟು ಕಂಡರೆ ಆ ನಲ್ಲಿಯನ್ನು ಸ್ಟೇನ್‌ಲೆಸ್ ಸ್ಟೀಲ್‌ಗೆ ಬದಲಾಯಿಸಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ಒರೆಸಿ, ಪೇಂಟ್ ಏಳುತ್ತದೆ.

ಹೊಗೆ ಬದಲಾಗಿದೆ

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಬಯೋಡೀಸೆಲ್‌ನ ತೂಕದಲ್ಲಿ ಸುಮಾರು ನೂರಕ್ಕೆ 11 ಭಾಗ ಆಮ್ಲಜನಕವೇ ಇದೆ. ಹಾಗಾಗಿ ಕಪ್ಪು ಹೊಗೆ ಕಡಿಮೆ ಆಗಬೇಕು. ಬೆರೆಸಿದ ಮೇಲೆ ಕಪ್ಪು ಹೊಗೆ ಜಾಸ್ತಿಯಾಯಿತು ಅಂದರೆ ಬೇರೆಲ್ಲೋ ಏನೋ ಕೆಟ್ಟಿದೆ. ಮೊದಲು ಏರ್ ಫಿಲ್ಟರ್. ಆಮೇಲೆ ಟರ್ಬೋದಿಂದ ಬರುವ ಗಾಳಿ ಹೋಸ್ ಬಿರುಕು ಬಿಟ್ಟಿದೆಯಾ, ಕ್ಲಿಪ್ ಸಡಿಲವಾ ನೋಡಿ. ಅವೆರಡೂ ಸರಿ ಇದ್ದರೆ ಇಂಜೆಕ್ಟರ್ ನಾಜಲ್‌ಗೆ ಕರಿ ಕಟ್ಟಿರಬಹುದು. ಹಸಿ ಎಣ್ಣೆ (ಬಯೋಡೀಸೆಲ್ ಆಗಿ ಬದಲಾಯಿಸದ ಅಡುಗೆ ಎಣ್ಣೆ) ಬೆರೆಸಿದವರಿಗೆ, ಇಲ್ಲವೇ ಅರ್ಧಂಬರ್ಧ ಪ್ರಕ್ರಿಯೆಗೊಂಡ ಬಯೋಡೀಸೆಲ್ ಹಾಕಿದವರಿಗೆ ಇದು ಕಟ್ಟಿಟ್ಟ ಬುತ್ತಿ. ನಾಜಲ್ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಬೇಡಿ. ಪಂಪ್ ರಿಪೇರಿಯವರ ಟೆಸ್ಟ್ ಬೆಂಚಿನ ಮೇಲೆ ಸಿಂಪಡಣೆ ಹೇಗಿದೆ ಅಂತ ನೋಡಿಸಿ.

ಬಿಳಿ ಹೊಗೆ ಸ್ಟಾರ್ಟ್ ಮಾಡಿದಾಗ ಬಂದು ಬಿಸಿಯಾದ ಮೇಲೆ ನಿಂತರೆ ಸುಡದ ಇಂಧನ ಹೊರಬರುತ್ತಿದೆ, ಗ್ಲೋ ಪ್ಲಗ್ ಕಡೆ ನೋಡಿ. ಕಣ್ಣು ಉರಿಯುವುದು ಅದರ ಗುರುತು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಇಳಿಯುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಂಧನಕ್ಕೂ ಅದಕ್ಕೂ ಸಂಬಂಧವಿಲ್ಲ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಣ್ಣೆ ಕರಿದಂಥ ವಾಸನೆ ಬಂದರೆ ಹೆದರಬೇಡಿ, ಅದು ಬಯೋಡೀಸೆಲ್‌ನ ಸಹಜ ವಾಸನೆ.

ಆಯಿಲ್ ಮಟ್ಟ ತಾನಾಗಿ ಏರಿದೆ

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವುದು ನಮಗೆಲ್ಲ ಗೊತ್ತು, ಏರುವುದು ಯಾರ ಗಮನಕ್ಕೂ ಬರುವುದಿಲ್ಲ. ಹೊಗೆ ಸೋಸುವ ಡಿಪಿಎಫ್ ಇರುವ ಎಂಜಿನ್‌ಗಳಲ್ಲಿ ಅದನ್ನು ಸುಟ್ಟು ಸ್ವಚ್ಛ ಮಾಡಲು ಕೆಲವು ಮಾದರಿಗಳು ಸಿಲಿಂಡರ್ ಒಳಗೇ ತಡವಾಗಿ ಇಂಧನ ಸಿಂಪಡಿಸುತ್ತವೆ. ಅದರಲ್ಲಿ ಸ್ವಲ್ಪ ಗೋಡೆ ಹಿಡಿದು ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುತ್ತದೆ. ಡೀಸೆಲ್ ಆದರೆ ಬಿಸಿಗೆ ಒಂದಷ್ಟು ಆವಿಯಾಗಿ ಹೋಗುತ್ತದೆ. ಬಯೋಡೀಸೆಲ್ ಕುದಿಯುವ ಬಿಂದು ಎತ್ತರ, ಅದು ಅಲ್ಲೇ ಉಳಿಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗ್ ಸವೆಯುತ್ತದೆ.

ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ತಣ್ಣಗಿರುವಾಗ ನೋಡಿ ಗುರುತು ಬರೆದಿಡಿ. ಮೇಲಿನ ಗೆರೆ ದಾಟಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಇದು ಸುಮ್ನೆ ಹೇಳುವ ಎಚ್ಚರಿಕೆಯಲ್ಲ. ಜಾಸ್ತಿಯಾದ ಆಯಿಲ್, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಮೂಲಕ ಗಾಳಿ ದಾರಿಗೆ ನುಗ್ಗಿದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ಹುಚ್ಚೆದ್ದು ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿ, ಮುಂದಿನ ಬದಲಾವಣೆಯ ಅವಧಿ ಕಡಿಮೆ ಮಾಡಿ, ಮಿಶ್ರಣ ಇಳಿಸಿ. ಆಯಿಲ್ ತೆಳ್ಳಗಾಗುವ ಬದಲು ಗಂಜಿಯಂತೆ ದಪ್ಪಗಾಗಿದ್ದರೆ ಹಸಿ ಎಣ್ಣೆ ಆಯಿಲ್ ಸಂಪ್‌ಗೆ ಇಳಿದು ಗಟ್ಟಿಯಾಗುತ್ತಿದೆ. ಆಗ ಎಂಜಿನ್ ಓಡಿಸದೆ ಮೆಕ್ಯಾನಿಕ್ ಕರೆಸಿ.

ಟ್ಯಾಂಕಿನಲ್ಲಿ ಲೋಳೆ, ಹುಳಿ ವಾಸನೆ

ಬಯೋಡೀಸೆಲ್ ನೀರನ್ನು ಡೀಸೆಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಡಿದುಕೊಳ್ಳುತ್ತದೆ. ತಣಿದಾಗ ಆ ನೀರು ತಳಕ್ಕೆ ಇಳಿಯುತ್ತದೆ. ನೀರು ಮತ್ತು ಇಂಧನ ಸೇರುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಟ್ಯಾಂಕಿನ ತಳದಿಂದ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿದರೆ ಎರಡು ಪದರದ ನಡುವೆ ಕಂದು ಚರ್ಮದಂಥ ಪೊರೆ ತೇಲುವುದು ಕಾಣುತ್ತದೆ. ಹಾಗಿದ್ದರೆ ನೀರು ಪೂರ್ತಿ ತೆಗೆದು, ಟ್ಯಾಂಕ್ ತೊಳೆದು, ಇಂಧನಕ್ಕೆಂದೇ ಮಾಡಿದ, ಸೂಕ್ಷ್ಮಜೀವಿ ಕೊಲ್ಲುವ ಬಯೋಸೈಡ್ ಹಾಕಬೇಕು. ಬಯೋಸೈಡ್ ವಿಷ, ಕೈಗವಸು ಬೇಕೇ ಬೇಕು. ನೀರು ತೆಗೆಯದೆ ಬರೀ ಬಯೋಸೈಡ್ ಸುರಿದರೆ ಸತ್ತ ಲೋಳೆಯೆಲ್ಲ ಒಟ್ಟಿಗೆ ಬಂದು ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ಒಳಗೆ ಇಳಿದು ತೊಳೆಯುವಷ್ಟು ದೊಡ್ಡದಾದರೆ ನೀವು ಇಳಿಯಬೇಡಿ. ಒಳಗೆ ಆಮ್ಲಜನಕ ಸಾಲದಿರಬಹುದು, ವಿಷಾನಿಲ ತುಂಬಿರಬಹುದು. ಅದಕ್ಕೆ ತರಬೇತಿ ಪಡೆದವರೇ ಬೇಕು.

ಲೋಳೆ ಇಲ್ಲದೆ ಬರೀ ಹುಳಿ ಅಥವಾ ಪೇಂಟಿನ ವಾಸನೆ ಇದ್ದರೆ ಇಂಧನ ಹಳಸಿದೆ. ಹಳಸಿದ್ದನ್ನು ಯಾವ ಔಷಧಿಯೂ ಹೊಸದು ಮಾಡುವುದಿಲ್ಲ. ಬಿ20ಯನ್ನು 6 ತಿಂಗಳೊಳಗೆ ಖಾಲಿ ಮಾಡಿ. ಟ್ಯಾಂಕ್ ತುಂಬಿಡಿ, ಬಿಸಿಲಿಗೆ ಇಡಬೇಡಿ.

ಇಂಧನದ ಮೇಲೇ ಅನುಮಾನ ಬಂದಾಗ

ಈ ಎರಡು ಪರೀಕ್ಷೆಗೂ ಬೆರೆಸದ ಬಿ100 ಬೇಕು.

ಬಾಟಲಿಗೆ ಅರ್ಧ ಬಯೋಡೀಸೆಲ್, ಅರ್ಧ ನೀರು ಹಾಕಿ ಮುಚ್ಚಿ ಜೋರಾಗಿ ಅಲ್ಲಾಡಿಸಿ. ಒಳ್ಳೆಯದಾದರೆ ಅರ್ಧ ಗಂಟೆಯೊಳಗೆ ಎರಡು ಪದರ ಬೇರೆಯಾಗುತ್ತವೆ, ನಡುವಿನ ಗೆರೆ ಚೊಕ್ಕವಾಗಿರುತ್ತದೆ. ನಡುವೆ ಹಾಲಿನಂಥ ದಪ್ಪ ಪದರ ನಿಂತರೆ ಸಾಬೂನು ಅಥವಾ ಅರ್ಧ ಪ್ರಕ್ರಿಯೆಗೊಂಡ ಎಣ್ಣೆ ಇದೆ.

ಎರಡನೆಯದು: 3 ಮಿಲಿಲೀಟರ್ ಬಯೋಡೀಸೆಲ್ಲನ್ನು 27 ಮಿಲಿಲೀಟರ್ ಮೆಥನಾಲ್‌ಗೆ ಹಾಕಿ, 20 ಡಿಗ್ರಿ ಆಸುಪಾಸಿನಲ್ಲಿ ಅಲ್ಲಾಡಿಸಿ. ಬಯೋಡೀಸೆಲ್ ಪೂರ್ತಿ ಕರಗುತ್ತದೆ. ತಳದಲ್ಲಿ ಎಣ್ಣೆ ಹನಿ ಕೂತರೆ ಅಷ್ಟು ಎಣ್ಣೆ ಬದಲಾಗದೆ ಉಳಿದಿದೆ. ಡೀಸೆಲ್ ಬೆರೆತಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಉರಿದರೆ ಜ್ವಾಲೆ ಹಗಲಲ್ಲಿ ಕಾಣುವುದಿಲ್ಲ. ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಇಲ್ಲದೆ ಈ ಪರೀಕ್ಷೆ ಮಾಡಬೇಡಿ.

ನೈಸರ್ಗಿಕ ಸೇರ್ಪಡೆಗಳು: ಯಾವುದು ಕೆಲಸ ಮಾಡುತ್ತದೆ

ನನ್ನ ಪ್ರಕಾರ ಡೀಸೆಲ್‌ಗೆ ಸಿಗುವ ಅತ್ಯುತ್ತಮ ನೈಸರ್ಗಿಕ ಸೇರ್ಪಡೆ ಬಯೋಡೀಸೆಲ್ಲೇ. ಗಂಧಕ ತೆಗೆದ ಈಗಿನ ಡೀಸೆಲ್‌ಗೆ ಜಾರುವ ಗುಣ ಕಡಿಮೆ. ಪಂಪನ್ನು ಸವೆತದಿಂದ ಕಾಯಲು ನೂರಕ್ಕೆ 1ರಿಂದ 2 ಭಾಗ ಒಳ್ಳೆಯ ಬಯೋಡೀಸೆಲ್ ಸಾಕು. ಪಂಪಿನ ಬಾಳಿಕೆ ಅಷ್ಟೇ ನಿಮಗೆ ಬೇಕಾದದ್ದು ಅಂದರೆ ಬಿ20 ಸಹವಾಸವೇ ಬೇಡ, ಬಿ2 ನೆಮ್ಮದಿ. ಅದರ ಸೀಟೇನ್ ಸಂಖ್ಯೆಯೂ (ಸಿಲಿಂಡರ್ ಒಳಗಿನ ಒತ್ತಡಕ್ಕೆ ಕಿಡಿಯಿಲ್ಲದೆ ಎಷ್ಟು ಬೇಗ ಹೊತ್ತುತ್ತದೆ ಅನ್ನುವ ಅಳತೆ) ಚೆನ್ನಾಗಿರುತ್ತದೆ, ಯುರೋಪಿನ ಬಯೋಡೀಸೆಲ್ ಮಾನಕ ಇಎನ್ 14214 ಕೇಳುವುದು ಕನಿಷ್ಠ 51. ಎಂಜಿನ್ ಸದ್ದು ಮೆತ್ತಗಾಯಿತು ಅಂತ ಜನ ಹೇಳುವುದು ಇದಕ್ಕೇ.

ವಿಟಮಿನ್ ಇ ಅಂದರೆ ಟೋಕೋಫೆರಾಲ್, ಬಯೋಡೀಸೆಲ್ ಹಳಸುವುದನ್ನು ನಿಧಾನ ಮಾಡುತ್ತದೆ. ತಾಜಾ ಇರುವಾಗಲೇ ಬೆರೆಸಬೇಕು. ಹಳಸದಂತೆ ತಡೆಯುವ ಟಿಬಿಎಚ್‌ಕ್ಯೂ ಥರದ ಕೃತಕ ರಾಸಾಯನಿಕಗಳಷ್ಟು ಬಲ ಇದಕ್ಕಿಲ್ಲ.

ಹಸಿ ಎಣ್ಣೆಯ ವಿಷಯದಲ್ಲಿ ನಾನು ಖಡಾಖಂಡಿತ. 40 ಡಿಗ್ರಿಯಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಎಷ್ಟು ದಪ್ಪಗೆ ಹರಿಯುತ್ತದೆ ಅನ್ನುವ ಅಳತೆ, 2ರಿಂದ 4.5 ಸೆಂಟಿಸ್ಟೋಕ್ಸ್, ಬಯೋಡೀಸೆಲ್‌ದ್ದು 3.5ರಿಂದ 5. ಹಸಿ ಅಡುಗೆ ಎಣ್ಣೆಯದ್ದು 30 ದಾಟುತ್ತದೆ. ಅದು ಸಣ್ಣಗೆ ಸಿಂಪಡಿಸುವುದಿಲ್ಲ, ಸುಡದೆ ಕರಿ ಕಟ್ಟುತ್ತದೆ. ಮಾಮೂಲಿ ಎಂಜಿನ್‌ಗೆ ಅದನ್ನು ಹಾಕಬೇಡಿ. ಹರಳೆಣ್ಣೆ ಇನ್ನೂ ಎಷ್ಟೋ ದಪ್ಪ, ಡೀಸೆಲ್ ಜೊತೆ ಸರಿಯಾಗಿ ಬೆರೆಯುವುದೂ ಇಲ್ಲ.

ಟರ್ಪೆಂಟೈನ್, ನೀಲಗಿರಿ ಎಣ್ಣೆ ಹಾಕಿದ ಕೂಡಲೇ ಎಂಜಿನ್ ಹಗುರಾಯಿತು ಅನ್ನಿಸಬಹುದು. ಅವೂ ದ್ರಾವಕಗಳೇ, ಒಂದಷ್ಟು ಜಿಡ್ಡು ಬಿಡಿಸುತ್ತವೆ, ಅಲ್ವಾ? ಆದರೆ ಅವುಗಳ ಸೀಟೇನ್ ಕಡಿಮೆ, ಹೊರಗೆ ಕಿಡಿ ತಾಗಿದರೆ ಬೆಂಕಿ ಬೇಗ ಹತ್ತುತ್ತದೆ. ಟರ್ಪೆಂಟೈನ್ ಆವಿ ಸುಮಾರು 35 ಡಿಗ್ರಿಗೇ ಹೊತ್ತಿಕೊಳ್ಳುತ್ತದೆ. ಕರ್ಪೂರದ ಚೂರು ಕರಗದೆ ಉಳಿದರೆ ಫಿಲ್ಟರಿಗೆ ಹೊಸ ಕಸ. ಎಥನಾಲ್ ಇವೆಲ್ಲಕ್ಕಿಂತ ಅಪಾಯ. ಅದರ ಆವಿ 13 ಡಿಗ್ರಿಯಲ್ಲೇ ಹೊತ್ತುತ್ತದೆ. ಡೀಸೆಲ್ ಟ್ಯಾಂಕಿನ ಖಾಲಿ ಜಾಗ ಸ್ಫೋಟಕ್ಕೆ ತಯಾರಾದ ಹಾಗೆ ಆಗುತ್ತದೆ. ನೀರು ತಾಗಿದರೆ ಪದರ ಬೇರೆಯಾಗುತ್ತದೆ. ಪೆಟ್ರೋಲ್ ಕೂಡ ಇದೇ ಸಾಲಿಗೆ ಸೇರಿತು.

ಇಂಥದ್ದೇನಾದರೂ ಈಗಾಗಲೇ ಸುರಿದಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ, ಬೆಂಕಿ ಕಿಡಿ ದೂರ ಇಟ್ಟು, ಟ್ಯಾಂಕ್ ಖಾಲಿ ಮಾಡಿಸಿ.

ಮತ್ತೆ ಬೆರೆಸುವಾಗ

ಬಯೋಡೀಸೆಲ್ ಡೀಸೆಲ್‌ಗಿಂತ ಸ್ವಲ್ಪ ಭಾರ. ಮೊದಲು ಡೀಸೆಲ್ ತುಂಬಿ, ಮೇಲಿಂದ ಬಯೋಡೀಸೆಲ್ ಹಾಕಿದರೆ ಇಳಿಯುತ್ತಾ ಬೆರೆಯುತ್ತದೆ. ತಣ್ಣಗಿರುವಾಗ ಬೆರೆಸಿದರೆ ತಳದಲ್ಲೇ ಪದರವಾಗಿ ನಿಲ್ಲಬಹುದು, ಮೊದಲು ಪಂಪಿಗೆ ಹೋಗುವುದೂ ಅದೇ. ಬಿ5ನಿಂದ ಶುರು ಮಾಡಿ, ಫಿಲ್ಟರ್ ಸ್ವಚ್ಛವಾಗಿ ಬರುತ್ತಿದ್ದರೆ ಮಾತ್ರ ಮೇಲಕ್ಕೆ ಹೋಗಿ.

ನಿಲ್ಲಿಸಿ, ಬಲ್ಲವರಿಗೆ ಕೊಡಿ

ಎಂಜಿನ್ ಒಳಗೆ ಲೋಹ ಬಡಿದ ಸದ್ದು, ಆಯಿಲ್ ಒತ್ತಡದ ದೀಪ, ಹೊಸ ಫಿಲ್ಟರ್‌ನಲ್ಲಿ ಮಿನುಗುವ ಲೋಹದ ಪುಡಿ, ಒತ್ತಡದ ಪೈಪಿನಲ್ಲಿ ಸೋರಿಕೆ. ಇವುಗಳಲ್ಲಿ ಒಂದು ಕಂಡರೂ ಎಂಜಿನ್ ಆಫ್ ಮಾಡಿ. ಲೋಹದ ಪುಡಿ ಅಂದರೆ ಪಂಪು ತನ್ನನ್ನೇ ತಿನ್ನುತ್ತಿದೆ. ಇನ್ನೂ ಓಡಿಸಿದರೆ ಇಂಜೆಕ್ಟರ್‌ಗಳೂ ಹೋಗುತ್ತವೆ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಕೊಯ್ದ ಫಿಲ್ಟರ್, ಟ್ಯಾಂಕಿನ ತಳದ ಬಾಟಲಿ, ಬೆರೆಸದ ಬಿ100 ಬಾಟಲಿ, ಮೊದಲು ಬರೆದ ಚೀಟಿ ಒಯ್ಯಿರಿ. ಇಂಧನವನ್ನು ಲ್ಯಾಬಿಗೆ ಕಳಿಸುವುದಾದರೆ ನಾಲ್ಕು ಅಂಕಿ ಕೇಳಿ. ನೀರು ಒಂದು ಕೆಜಿಗೆ 500 ಮಿಲಿಗ್ರಾಂ ಮೀರಬಾರದು. ಆಮ್ಲ ಸಂಖ್ಯೆ 0.50 ಒಳಗಿರಬೇಕು. ಒಟ್ಟು ಗ್ಲಿಸರಿನ್ ನೂರಕ್ಕೆ 0.25 ಭಾಗ ದಾಟಬಾರದು. ಹಳಸದೆ ತಡೆಯುವ ಸಮಯ ಇಎನ್ 14214 ಪ್ರಕಾರ ಕನಿಷ್ಠ 8 ಗಂಟೆ, ಅಮೆರಿಕದ ಬಯೋಡೀಸೆಲ್ ಮಾನಕ ಎಎಸ್‌ಟಿಎಂ ಡಿ6751 ಪ್ರಕಾರ 3 ಗಂಟೆ ಇರಬೇಕು. ಬಯೋಡೀಸೆಲ್ ಮಾರುವವರ ಹತ್ತಿರ ಈ ನಾಲ್ಕೂ ಇರುವ ವರದಿ ಕೇಳಿ. ಇಲ್ಲ ಅಂದರೆ ಮುಂದಿನ ಕ್ಯಾನ್ ತೆಗೆದುಕೊಳ್ಳಬೇಡಿ.